ಟೇಪು ಸುತ್ತಿದವರು ಯಾರು?

ಭೋಸರಿ, ಚಾಕಣ ಕಡೆಯ ಕಾರ್ಖಾನೆಗಳಲ್ಲಿ ಓಡಾಡಿದವರಿಗೆ ಈ ನೋಟ ಹೊಸದಲ್ಲ. ಬಾಗಿಲು ತೆರೆದರೆ ಯಂತ್ರ ನಿಲ್ಲಲೆಂದು ಒಂದು ಸ್ವಿಚ್ ಇಟ್ಟಿರುತ್ತಾರೆ. ಅದರ ಕೀಲಿಯನ್ನು ಬಾಗಿಲಿನಿಂದ ಬಿಚ್ಚಿ, ಸ್ವಿಚ್ಚಿಗೇ ಸಿಕ್ಕಿಸಿ, ಮೇಲೆ ಟೇಪು ಸುತ್ತಿರುತ್ತದೆ. ಬಾಗಿಲು ತೆರೆದಿದೆ, ಯಂತ್ರ ಓಡುತ್ತಿದೆ. ನಾಳೆ ಒಂದು ಬೆರಳು ಹೋದರೆ ಹೊಣೆ ಯಾರದು? ಟೇಪು ಸುತ್ತಿದವನದೋ, ನೋಡಿ ಸುಮ್ಮನಿದ್ದ ಸೂಪರ್‌ವೈಸರನದೋ, ಆ ಯಂತ್ರದ ಪಿಎಲ್‌ಸಿ ಪ್ರೋಗ್ರಾಂ ಬರೆಯುವ ನನ್ನಂಥವರದೋ?

ಕಾನೂನು ಎರಡು ದನಿಯಲ್ಲಿ ಮಾತಾಡುತ್ತದೆ. 2025ರವರೆಗೆ ಜಾರಿಯಲ್ಲಿದ್ದ 1923ರ ಪರಿಹಾರ ಕಾಯಿದೆಯ ಪ್ರಕಾರ, ಕೆಲಸಗಾರ ಸುರಕ್ಷತಾ ಸಾಧನವನ್ನು ಬೇಕೆಂದೇ ತೆಗೆದು ಗಾಯಗೊಂಡರೆ ಮಾಲೀಕ ಪರಿಹಾರ ಕೊಡಬೇಕಿರಲಿಲ್ಲ. ಸಾವು ಮತ್ತು ಶಾಶ್ವತ ಸಂಪೂರ್ಣ ಅಂಗವೈಕಲ್ಯ ಮಾತ್ರ ಇದಕ್ಕೆ ಹೊರತಾಗಿದ್ದವು. ಅದೇ ಕಾಯಿದೆಯ ಪಟ್ಟಿಯಲ್ಲಿ ಹೆಬ್ಬೆರಳು ಹೋದರೆ ಶೇ. 30, ಇಡೀ ತೋರುಬೆರಳು ಹೋದರೆ ಶೇ. 14ರಷ್ಟು ದುಡಿಮೆಯ ಶಕ್ತಿ ನಷ್ಟ ಎಂದಿತ್ತು. ಅಂದರೆ ಬೆರಳು ಹೋಗುವುದು 'ಸಂಪೂರ್ಣ' ಅಲ್ಲ. ಟೇಪು ಸುತ್ತಿದವನಿಗೆ ಬೆರಳೂ ಇಲ್ಲ, ದುಡ್ಡೂ ಇಲ್ಲ.

ಇನ್ನೊಂದು ದನಿ ಭೋಪಾಲ ದುರಂತದ ನಂತರದ್ದು. 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಸೇರಿದ 7ಬಿ ಕಲಮು, ಯಂತ್ರವನ್ನು ವಿನ್ಯಾಸ ಮಾಡುವವರೂ ತಯಾರಿಸುವವರೂ ಅದರ ಸುರಕ್ಷತೆಗೆ ಹೊಣೆ ಎಂದಿತು. ಜೊತೆಗೇ ಒಂದು ಕಿಂಡಿಯನ್ನೂ ಬಿಟ್ಟಿತು: ಸುರಕ್ಷತೆಯ ಕ್ರಮ ನಾವೇ ಕೈಗೊಳ್ಳುತ್ತೇವೆಂದು ಕೊಂಡವರು ಬರೆದುಕೊಟ್ಟರೆ ವಿನ್ಯಾಸಕಾರನ ಹೊಣೆ ಅಷ್ಟರಮಟ್ಟಿಗೆ ಇಳಿಯುತ್ತಿತ್ತು. ಕಾಗದದ ಮೇಲೆ ಇದು ನ್ಯಾಯವೇ. ಆದರೆ ಟೇಪು ಸುತ್ತುತ್ತಾರೆಂದು ನನಗೆ ಮೊದಲೇ ಗೊತ್ತಿದ್ದರೆ, ಆ ಸಹಿ ನನ್ನ ತಿಳಿವಳಿಕೆಯನ್ನು ಅಳಿಸುತ್ತದೆಯೇ?

ಟೇಪು ಸುಮ್ಮನೆ ಬರುವುದಿಲ್ಲ. ಕಲಬುರಗಿ ಕಡೆಯ ಆಪರೇಟರ್ ಒಬ್ಬರು ನನಗೆ ಹೇಳಿದ್ದರು: "ಸರ್ರ, ತಾಸಿಗೆ ಎಷ್ಟ್ ಪೀಸ್ ಆದ್ವು ಅಂತ ಕೇಳ್ತಾರ್ರಿ. ಬಾಗಲಾ ಎಷ್ಟ್ ಸಲ ತೆಗದಿ ಅಂತ ಯಾರೂ ಕೇಳಂಗಿಲ್ರಿ." ಪ್ರತಿ ಸಲ ಸಿಕ್ಕಿಬಿದ್ದ ಚೂರು ತೆಗೆಯಲು ಬಾಗಿಲು ತೆರೆಯಬೇಕು, ಮತ್ತೆ ರೀಸೆಟ್ ಮಾಡಿ ಮೊದಲಿನಿಂದ ಶುರು ಮಾಡಬೇಕು ಎಂದರೆ, ಆ ಬಾಗಿಲು ಅವರ ಕೂಲಿಗೆ ಅಡ್ಡ ನಿಂತಿದೆ.

ಒಳ್ಳೆಯ ವಿನ್ಯಾಸ ಇದನ್ನು ಮೊದಲೇ ಊಹಿಸುತ್ತದೆ. ಪ್ರೆಸ್ಸಿನ ಎರಡು ಕೈ ಗುಂಡಿಗಳನ್ನೇ ನೋಡಿ. ಎರಡನ್ನೂ ಅರ್ಧ ಸೆಕೆಂಡಿನೊಳಗೆ ಒತ್ತಬೇಕು. ಪ್ರತಿ ಏಟಿನ ನಂತರ ಎರಡನ್ನೂ ಬಿಡಬೇಕು. ಒಂದನ್ನು ಕಟ್ಟಿಹಾಕಿದರೆ ಪ್ರೆಸ್ ಇಳಿಯುವುದೇ ಇಲ್ಲ. ಕೈಯ ವೇಗ ಸೆಕೆಂಡಿಗೆ 1.6 ಮೀಟರ್ ಎಂದು ಲೆಕ್ಕ. ಪ್ರೆಸ್ ನಿಲ್ಲಲು ಕಾಲು ಸೆಕೆಂಡ್ ಬೇಕಿದ್ದರೆ ಗುಂಡಿ ಕನಿಷ್ಠ 40 ಸೆಂಟಿಮೀಟರ್ ದೂರ ಇರಬೇಕು. ಮನುಷ್ಯ ಆತುರಪಡುತ್ತಾನೆ ಎಂಬುದನ್ನು ಒಪ್ಪಿಕೊಂಡೇ ಹಾಕಿದ ಲೆಕ್ಕ ಇದು.

ಹಾಗಾದರೆ ಕೆಲಸಗಾರನಿಗೆ ಬುದ್ಧಿ ಇಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ಇದೆ, ಅವನ ಪಾಲಿನ ಹೊಣೆಯೂ ಇದೆ. ಆದರೆ ಹೊಣೆ ರೊಟ್ಟಿಯಲ್ಲ, ಒಬ್ಬರು ತಿಂದರೆ ಇನ್ನೊಬ್ಬರಿಗೆ ಕಡಿಮೆಯಾಗಲು. ಯಾರೂ ಊಹಿಸಲಾಗದ ದಾರಿಯಲ್ಲಿ ಯಂತ್ರವನ್ನು ಕೆಡಿಸಿದರೆ ನಾನು ಹೊಣೆಯಲ್ಲ. ಊರಿಗೆಲ್ಲ ಗೊತ್ತಿರುವ ಟೇಪಿನ ವಿಷಯದಲ್ಲಿ 'ನನಗೇನು ಗೊತ್ತು' ಎನ್ನುವ ಹಕ್ಕು ನನಗಿಲ್ಲ.

ಯಂತ್ರ ಒಪ್ಪಿಸುವ ಮುನ್ನ ಅದನ್ನು ಓಡಿಸುವವರನ್ನೇ ಕರೆದು, ಇದರಲ್ಲಿ ನಿಮಗೆ ಯಾವುದಕ್ಕೆ ಟೇಪು ಸುತ್ತಬೇಕೆನಿಸುತ್ತದೆ ಎಂದು ಕೇಳಬೇಕು. ಸಿಕ್ಕ ಉತ್ತರವನ್ನು ಮ್ಯಾನುಯಲ್ಲಿನಲ್ಲಿ ಎಚ್ಚರಿಕೆಯಾಗಿ ಅಚ್ಚು ಹಾಕಿದರೆ ಸಾಲದು, ವಿನ್ಯಾಸವನ್ನೇ ತಿದ್ದಬೇಕು.