*ಇಂದಿನ ಚಿಂತನೆ: ಹಾಡು ಪೆಟ್ಟಿಗೆಯಲ್ಲಿತ್ತೇ?*



ಸಂಯುತ್ತ ನಿಕಾಯದ ವೀಣೋಪಮ ಸುತ್ತದಲ್ಲಿ ಒಬ್ಬ ರಾಜ ಬರುತ್ತಾನೆ. ವೀಣೆಯ ನಾದವನ್ನು ಎಂದೂ ಕೇಳದವನು ಒಂದು ದಿನ ಕೇಳಿ ಮರುಳಾಗುತ್ತಾನೆ. ಮಂತ್ರಿಗಳು ವೀಣೆ ತಂದು ಕೊಟ್ಟರೆ, "ಇದು ಬೇಡ, ಆ ನಾದವನ್ನೇ ತನ್ನಿ" ಎಂದು ಹಟ ಹಿಡಿಯುತ್ತಾನೆ. ವೀಣೆಯನ್ನು ಸೀಳಿ ಚೂರು ಮಾಡುತ್ತಾನೆ, ಸುಟ್ಟು ಬೂದಿ ಮಾಡುತ್ತಾನೆ. ನಾದ ಸಿಗುವುದಿಲ್ಲ.

ಐರಣಿಯ ನಮ್ಮ ಮನೆಯಲ್ಲಿ ಒಂದು ಟೇಪ್ ರೆಕಾರ್ಡರ್ ಇತ್ತು. ಪಡಸಾಲೆಯ ಗೂಡಿನಲ್ಲಿ, ಅವ್ವ ಕಸೂತಿ ಹಾಕಿದ ಬಟ್ಟೆಯ ಕೆಳಗೆ ಅದರ ಜಾಗ. ಸಂಜೆ ಹೊಳೆಯ ಗಾಳಿ ಬೀಸುವ ಹೊತ್ತಿಗೆ ಅಪ್ಪ ಗುಂಡಿ ಒತ್ತಿದರೆ ಓಣಿಯವರೆಲ್ಲ ಕಟ್ಟೆಗೆ ಬಂದು ಕೂಡುತ್ತಿದ್ದರು. ಮಕ್ಕಳು ಅದನ್ನು ಮುಟ್ಟುವಂತಿರಲಿಲ್ಲ. ಕ್ಯಾಸೆಟ್ಟಿನ ಪಟ್ಟಿ ಸಡಿಲಾದರೆ ಪೆನ್ಸಿಲ್ ತೂರಿಸಿ ಸುತ್ತುವುದಷ್ಟೇ ನಮ್ಮ ಪಾಲಿನ ಸೇವೆ.

ಅಪ್ಪ ಅವ್ವ ಹೋದ ಮೇಲೆ ಮನೆ ಪಾಲಾಯಿತು. ಹೊಲಕ್ಕೆ ಜಗಳವಾಗಲಿಲ್ಲ. ಆ ಪೆಟ್ಟಿಗೆ ಯಾರಿಗೆ ಎಂಬ ಮಾತಿಗೆ ನನ್ನ ಇಬ್ಬರು ಅಣ್ಣಂದಿರ ನಡುವೆ ಮಾತು ನಿಂತಿತು. ಅದು ಕೆಟ್ಟು ಮೂಲೆ ಸೇರಿ ಆಗಲೇ ಎಷ್ಟೋ ವರ್ಷಗಳಾಗಿದ್ದವು.

ಹಾಡದ ಪೆಟ್ಟಿಗೆಗಾಗಿ ಮನುಷ್ಯ ಒಡಹುಟ್ಟಿದವನನ್ನು ಯಾಕೆ ಬಿಡುತ್ತಾನೆ?

ಬಿಚ್ಚಿ ನೋಡೋಣ. ಕಬ್ಬಿಣದ ಆಕ್ಸೈಡ್ ಬಳಿದ ಪ್ಲಾಸ್ಟಿಕ್ ಪಟ್ಟಿ, ಅದನ್ನು ಸೆಕೆಂಡಿಗೆ 4.76 ಸೆಂಟಿಮೀಟರ್ ಎಳೆಯುವ ಮೋಟಾರು, ಓದುವ ಹೆಡ್ಡು, ನಡುಗುವ ಸ್ಪೀಕರು, ಕರೆಂಟು. ಇವುಗಳಲ್ಲಿ ಹಾಡು ಯಾವುದು? ಇನ್ನೂ ಮುಂದೆ ಹೋದರೆ ಅಪ್ಪನ ಬೆರಳು, ಕಟ್ಟೆ, ಪಕ್ಕದಲ್ಲಿ ಒತ್ತಿ ಕುಳಿತ ಅಣ್ಣ. ಇವೆಲ್ಲ ಕೂಡಿದಾಗ ಹಾಡು ಹುಟ್ಟಿತು, ಬಿಟ್ಟಾಗ ಹೋಯಿತು.

ನಮ್ಮ ಜಿಲ್ಲೆಯ ಊರಿನ ಹೆಸರು ಹೊತ್ತ ಗಂಗೂಬಾಯಿ ಹಾನಗಲ್ (1913–2009) ಅವರನ್ನು ನೆನೆಯಿರಿ. ಅವರ ಮೊದಲ ಗ್ರಾಮಫೋನ್ ತಟ್ಟೆಗಳಲ್ಲಿ ದನಿ ತೆಳು, ಎತ್ತರ. ಗಂಟಲಿನ ಚಿಕಿತ್ಸೆಯ ನಂತರ ಅದು ಗಡಸಾಯಿತು. ತಟ್ಟೆ ಹಳೆಯ ದನಿಯನ್ನು ಹಿಡಿದಿಟ್ಟಿತು, ಹಾಡುವವರು ಹಿಡಿದುಕೊಳ್ಳಲಿಲ್ಲ. ಇದ್ದ ದನಿಯಲ್ಲೇ ಹಾಡಿದರು. ನಾಡು ಆ ದನಿಗೇ ತಲೆದೂಗಿತು.

ಹಾಗಾದರೆ ಪೆಟ್ಟಿಗೆಯನ್ನು ಗುಜರಿಗೆ ಹಾಕಬೇಕೇ? ಅದೂ ಅಲ್ಲ. ವೀಣೆ ಸುಟ್ಟ ರಾಜನಿಗೂ ನಾದ ಸಿಗಲಿಲ್ಲ. 'ಇದು ನನ್ನದು' ಎಂದು ಅಪ್ಪಿಕೊಳ್ಳುವುದು ಒಂದು ತುದಿ, 'ಇದು ಬರೀ ಕಸ' ಎಂದು ಒದೆಯುವುದು ಇನ್ನೊಂದು ತುದಿ. ನಡುವಿನ ದಾರಿ ಎಂದರೆ ಕಾರಣಗಳನ್ನು ಕಾಣುವುದು. ಅಪ್ಪನ ಬೆರಳು ಮರಳಿ ಬಾರದು. ಆದರೆ ಅಣ್ಣ ಇದ್ದಾನೆ, ಕಟ್ಟೆ ಇದೆ, ಸಂಜೆ ದಿನವೂ ಬರುತ್ತದೆ. ಪೆಟ್ಟಿಗೆಗಾಗಿ ಅಣ್ಣನನ್ನು ಬಿಡುವುದೆಂದರೆ ತಂತಿ ಹರಿದು ವೀಣೆಯ ಕಟ್ಟಿಗೆಯನ್ನು ಕಾಯ್ದಂತೆ.

*ಇಂದಿನ ಅಭ್ಯಾಸ:* ನೀವು ಜೋಪಾನ ಮಾಡಿಟ್ಟ ಒಂದು ಹಳೆಯ ವಸ್ತುವನ್ನು ಎದುರಿಗಿಟ್ಟುಕೊಂಡು ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಅದರ ಸುಖ ಯಾರು ಯಾರು ಕೂಡಿದ್ದರಿಂದ ಹುಟ್ಟಿತ್ತು ಎಂದು ನೆನೆಯಿರಿ. ಅವರಲ್ಲಿ ಬದುಕಿರುವ ಒಬ್ಬರಿಗೆ ಇಂದು ಫೋನ್ ಮಾಡಿ.

ಎಲ್ಲರಿಗೂ ಮಂಗಳವಾಗಲಿ 🪷