ನೆರೆಯೂ ನೆರೆಯವನೂ

ಕನ್ನಡದಲ್ಲಿ 'ನೆರೆ' ಎಂಬ ಪದಕ್ಕೆ ಎರಡು ಅರ್ಥಗಳಿವೆ. ಉಕ್ಕಿ ಬರುವ ಪ್ರವಾಹವೂ ನೆರೆ, ಪಕ್ಕದ ಮನೆಯೂ ನೆರೆ. ಈ ಎರಡೂ ಒಂದೆಡೆ ಸೇರಿದಾಗ ಕಠಿಣವಾದ ಒಂದು ನೈತಿಕ ಪ್ರಶ್ನೆ ಏಳುತ್ತದೆ. ನೀರು ನನ್ನ ಮನೆಗೆ ನುಗ್ಗದಂತೆ ತಡೆಯುವ ಹಕ್ಕು ನನಗಿದೆ. ಆದರೆ ನಾನು ತಡೆದ ನೀರು ನೆರೆಯವನ ಮನೆಗೆ ನುಗ್ಗುವುದಾದರೆ? ಆಗಲೂ ಅದನ್ನು ಹಕ್ಕೆಂದು ಕರೆಯಬಹುದೇ?

ಈ ಪ್ರಶ್ನೆಯನ್ನು ನೆಲದ ಮೇಲೆಯೇ ಎದುರಿಸಬೇಕಾಗಿ ಬಂದ ದೇಶ ನೆದರ್‌ಲ್ಯಾಂಡ್ಸ್. ಅದರ ಸುಮಾರು ಕಾಲುಭಾಗ ಸಮುದ್ರಮಟ್ಟಕ್ಕಿಂತ ಕೆಳಗಿದೆ. ರೈನ್ ಮತ್ತು ಮಾಸ್ ನದಿಗಳು ಅದರ ಮೂಲಕವೇ ಸಮುದ್ರಕ್ಕೆ ಹರಿಯುತ್ತವೆ. ಅಲ್ಲಿನ ಜನರು ಶತಮಾನಗಳಿಂದ ಒಡ್ಡುಗಳನ್ನು ಕಟ್ಟಿ ನದಿಯನ್ನು ಇಕ್ಕಟ್ಟುಗೊಳಿಸಿ, ಅದು ಹರಡಿಕೊಳ್ಳುತ್ತಿದ್ದ ಬಯಲನ್ನು ಹೊಲ, ಊರುಗಳನ್ನಾಗಿ ಮಾಡಿಕೊಂಡರು. 1953ರಲ್ಲಿ ಸಮುದ್ರವು ಒಡ್ಡುಗಳನ್ನು ಒಡೆದು 1,836 ಜನರನ್ನು ಬಲಿ ತೆಗೆದುಕೊಂಡಿತು. 1993 ಮತ್ತು 1995ರಲ್ಲಿ ನದಿಗಳು ಉಕ್ಕಿದವು. 1995ರಲ್ಲಿ ಸುಮಾರು ಎರಡೂವರೆ ಲಕ್ಷ ಜನರು ಮನೆ ತೊರೆಯಬೇಕಾಯಿತು.

ಒಡ್ಡನ್ನು ಇನ್ನಷ್ಟು ಎತ್ತರಿಸಿದರೆ ಸಾಲದೇ ಎಂದು ಯಾರಾದರೂ ಕೇಳಬಹುದು. ಆದರೆ ಇಕ್ಕಟ್ಟಾದ ನದಿಯಲ್ಲಿ ನೀರಿಗೆ ಮೇಲೇರುವುದೊಂದೇ ದಾರಿ. ಒಡ್ಡು ಎತ್ತರವಾದಷ್ಟೂ ಅದು ಒಡೆದ ದಿನದ ಅನಾಹುತವೂ ದೊಡ್ಡದು. ಆದುದರಿಂದ ಆ ದೇಶವು 'ನದಿಗೆ ಜಾಗ' ಎಂಬ ಯೋಜನೆಯಡಿ ಮೂವತ್ತಕ್ಕೂ ಹೆಚ್ಚು ಕಡೆಗಳಲ್ಲಿ ನದಿಯಿಂದ ಕಸಿದುಕೊಂಡ ನೆಲದ ಒಂದು ಪಾಲನ್ನು ನದಿಗೆ ಹಿಂದಿರುಗಿಸಿತು. ನೈಮೇಗನ್ ನಗರದ ಎದುರು ದಂಡೆಯಲ್ಲಿ ಒಡ್ಡನ್ನು 350 ಮೀಟರ್ ಹಿಂದಕ್ಕೆ ಸರಿಸಿ ನದಿಗೆ ಇನ್ನೊಂದು ಕವಲು ತೋಡಲಾಯಿತು. ನೂರ್ಡ್‌ವಾರ್ಡ್ ಎಂಬಲ್ಲಿ ಒಡ್ಡನ್ನು ತಗ್ಗಿಸಿ ನೀರನ್ನು ಒಳಗೆ ಬಿಟ್ಟುಕೊಳ್ಳಲಾಯಿತು. ಅಲ್ಲಿನ ಹೊಸ ಒಡ್ಡೊಂದರ ಮುಂದೆ ವಿಲೋ ಗಿಡಗಳ ತೋಪು ಬೆಳೆಸಿದ್ದಾರೆ. ತೋಪು ಅಲೆಗಳ ರಭಸವನ್ನು ಮುರಿಯುವುದರಿಂದ ಹಿಂದಿನ ಒಡ್ಡು ತಗ್ಗಾಗಿದ್ದರೂ ಸಾಕಾಗುತ್ತದೆ. ನೀರು ಬಂದಲ್ಲಿಗೆ ಮೀನು, ಹಕ್ಕಿಗಳೂ ಬರುತ್ತವೆ.

ಆದರೆ ನದಿಗೆ ಕೊಟ್ಟ ಜಾಗ ಯಾರದು? ಓವರ್‌ಡೀಪ್ಸೆ ಪೋಲ್ಡರ್ ಎಂಬ ಬಯಲಿನಲ್ಲಿ ಹೈನುಗಾರಿಕೆಯ ಕುಟುಂಬಗಳು ವಾಸಿಸುತ್ತಿದ್ದವು. ದೊಡ್ಡ ನೆರೆ ಬಂದಾಗ ಆ ಬಯಲಿಗೆ ನೀರು ಬಿಟ್ಟರೆ ಮಾಸ್ ನದಿಯ ಮಟ್ಟ ಸುಮಾರು 27 ಸೆಂಟಿಮೀಟರ್ ಇಳಿಯುತ್ತದೆ, ಮೇಲ್ಭಾಗದ ಊರುಗಳು ಉಳಿಯುತ್ತವೆ. ಅನೇಕರ ರಕ್ಷಣೆಗಾಗಿ ಕೆಲವರ ನೆಲವನ್ನು ಮುಳುಗಿಸುವುದು ನ್ಯಾಯವೇ?

ಬಹುಸಂಖ್ಯೆಯ ಹಿತವೇ ನ್ಯಾಯವೆನ್ನುವುದಾದರೆ ದುರ್ಬಲನು ಸದಾ ಮುಳುಗುತ್ತಲೇ ಇರಬೇಕಾದೀತು. ನ್ಯಾಯಕ್ಕೆ ಬೇರೆ ಶರತ್ತುಗಳಿವೆ. ತ್ಯಾಗ ಮಾಡಬೇಕಾದವನ ಮಾತನ್ನು ಮೊದಲು ಕೇಳಬೇಕು. ಅವನ ನಷ್ಟವನ್ನು ಲಾಭ ಪಡೆದವರು ತುಂಬಿಕೊಡಬೇಕು. ಅವನಿಗೆ ಬದುಕುವ ದಾರಿ ಉಳಿದಿರಬೇಕು. ಓವರ್‌ಡೀಪ್ಸೆಯ ರೈತರು ತಾವೇ ಒಂದು ಉಪಾಯವನ್ನು ಮುಂದಿಟ್ಟರು. ಕೆಲವರು ಪರಿಹಾರ ಪಡೆದು ಬೇರೆಡೆಗೆ ಹೋದರು. ಉಳಿದವರಿಗೆ ಎತ್ತರದ ಮಣ್ಣಿನ ದಿಬ್ಬಗಳನ್ನು ನಿರ್ಮಿಸಿ, ಅವುಗಳ ಮೇಲೆ ಮನೆ, ಕೊಟ್ಟಿಗೆಗಳನ್ನು ಕಟ್ಟಲಾಯಿತು. ಹಾಗಿದ್ದರೂ ತಲೆಮಾರುಗಳ ನೆಲವನ್ನು ಬಿಟ್ಟು ಹೋದವರ ದುಃಖಕ್ಕೆ ಹಣದ ಬೆಲೆ ಕಟ್ಟಲಾಗದು. ಬಲವಂತದಿಂದ ಕಸಿದುಕೊಂಡರೆ ಅದು ಜುಲ್ಮ್. ಹಕ್ಕನ್ನು ಸಲ್ಲಿಸಿ ಒಪ್ಪಿಗೆಯಿಂದ ಪಡೆದರೂ ಅದು ಋಣವಾಗಿಯೇ ಉಳಿಯುತ್ತದೆ. ನೆಮ್ಮದಿಯಿಂದ ನಿದ್ರಿಸುವ ನಗರವು ಆ ಋಣವನ್ನು ಮರೆಯಬಾರದು.

ನಮ್ಮ ಫಿಕ್ಹ್ ಗ್ರಂಥಗಳಲ್ಲಿ 'ಹರೀಮ್' ಎಂಬ ಪರಿಕಲ್ಪನೆಯಿದೆ. ಬಾವಿ, ಚಿಲುಮೆ, ಹೊಳೆಗಳ ಸುತ್ತ ಅವುಗಳ ಉಪಯೋಗಕ್ಕೆಂದೇ ಬಿಟ್ಟಿರಬೇಕಾದ ನೆಲ ಅದು. ಅಲ್ಲಿ ಇನ್ನೊಬ್ಬನು ಕಟ್ಟಡ ಕಟ್ಟಿ ನೀರಿಗೆ ಅಡ್ಡಿಪಡಿಸುವಂತಿಲ್ಲ. ನೀರಿಗೂ ಒಂದು ಅಂಗಳ ಬೇಕೆಂದು ಧರ್ಮಶಾಸ್ತ್ರಜ್ಞರು ಶತಮಾನಗಳ ಹಿಂದೆಯೇ ಕಂಡುಕೊಂಡಿದ್ದರು. ಭೂಮಿಯ ಒಡೆತನ ಅಲ್ಲಾಹನದು, ಮನುಷ್ಯನಿಗೆ ಅದು ಅಮಾನತ್ತು ಎಂದು ನಂಬುವವನಿಗೆ ಇದು ಹೊಸ ಮಾತೇನಲ್ಲ. ಪತ್ರದಲ್ಲಿ ನನ್ನ ಹೆಸರಿದೆ ಎಂಬ ಮಾತ್ರಕ್ಕೆ ನೀರಿನ ದಾರಿ ನನ್ನದಾಗುವುದಿಲ್ಲ.

ಓದುಗರೇ, ಇದು ದೂರದ ದೇಶದ ಸಮಾಚಾರವೆಂದು ಪುಟ ಮಗುಚದಿರಿ. ತಗ್ಗಿನ ಗದ್ದೆಗೆ ಮಣ್ಣು ತುಂಬಿಸಿ ಮನೆ ಕಟ್ಟುವಾಗ, ತೋಡಿನ ಅಂಚನ್ನು ಒತ್ತಿ ಆವರಣ ಗೋಡೆ ಏರಿಸುವಾಗ, ಮಳೆಗಾಲದಲ್ಲಿ ಅಲ್ಲಿ ನಿಲ್ಲುತ್ತಿದ್ದ ನೀರು ಎಲ್ಲಿಗೆ ಹೋಗುವುದೆಂದು ನಾವು ಕೇಳುತ್ತೇವೆಯೇ? ಅದು ಮಾಯವಾಗುವುದಿಲ್ಲ. ನೆರೆಯವನ ಹೊಸ್ತಿಲನ್ನು ಹುಡುಕಿಕೊಂಡು ಹೋಗುತ್ತದೆ. ಹಬ್ಬದ ದಿನ ಅವನ ಮನೆಗೆ ತಟ್ಟೆ ಕಳುಹಿಸುವುದು ಸುಲಭ. ನಮ್ಮ ಜಾಗದಲ್ಲಿ ನೀರಿಗೆ ಮೂರು ಅಡಿ ದಾರಿ ಬಿಟ್ಟುಕೊಡುವುದು ಕಷ್ಟ. ನೆರೆಯವನ ಮೇಲಿನ ನಮ್ಮ ಪ್ರೀತಿ ಎಷ್ಟೆಂಬುದು ಆ ಮೂರು ಅಡಿಯಲ್ಲೇ ತಿಳಿಯುತ್ತದೆ.