ಇಂದಿನ ಚಿಂತನೆ: ಬಣ್ಣದ ಹೆಸರು, ಬಣ್ಣದ ಕೋಡ್



ಹೋದ ವಾರ ಬಾದಾಮಿಯಿಂದ ಬರುವಾಗ ತಮ್ಮನ ಕಾರಿನ ಬಾಗಿಲಿಗೆ ಗೀರು ಬಿತ್ತು. ಬಾಗಲಕೋಟೆಯ ಪೇಂಟರ್ ಹತ್ತಿರ ಒಯ್ದೆವು. 'ಆರ್ಕ್ಟಿಕ್ ವೈಟ್ ಬಣ್ಣ' ಎಂದ ತಮ್ಮ. ಪೇಂಟರ್ ನಕ್ಕ. 'ಹೆಸರು ಬಿಡ್ರಿ ಸರ್. ಇದೇ ಬಿಳಿಗೆ ಒಂದು ಕಂಪನಿ ಆರ್ಕ್ಟಿಕ್ ಅಂತೈತಿ, ಇನ್ನೊಂದು ಪೋಲಾರ್ ಅಂತೈತಿ. ನನಗ ಕೋಡ್ ಬೇಕು.'

ಕೋಡನ್ನು ಕಂಪನಿಯವರು ಗಾಡಿಯ ಒಳಗೆ ಎಲ್ಲೋ ಒಂದು ಪಟ್ಟಿಯಲ್ಲಿ ಬರೆದಿರುತ್ತಾರೆ. ಅದೇ ಬಣ್ಣ ಇನ್ನೊಂದು ದೇಶದ ಮಾರುಕಟ್ಟೆಗೆ ಹೋದರೆ ಹೆಸರು ಬದಲಾಗಬಹುದು, ಬಣ್ಣ ಅದೇ ಇರುತ್ತದೆ. ನಮ್ಮ ಇಳಕಲ್ ಕೆಂಪು ಕಲ್ಲು ಕೂಡ ಗ್ರಾನೈಟ್ ಮಾರುಕಟ್ಟೆಯಲ್ಲಿ 'ರೂಬಿ ರೆಡ್' ಆಗುತ್ತದೆ.

ವರ್ಣ ಎಂದರೆ ಬಣ್ಣ. ಅದೇ ಪದದಿಂದ ಮನುಷ್ಯರನ್ನೂ ಹಂಚಿದ ನಾಡು ನಮ್ಮದು. ಇಲ್ಲಿ ಹೆಸರು ಕೇಳಿ ಯಾರೂ ಸುಮ್ಮನಾಗುವುದಿಲ್ಲ. ಅಡ್ಡಹೆಸರೇನು, ಯಾವ ಓಣಿ, ಯಾರ ಪೈಕಿ ಎಂದು ಕೋಡ್ ಸಿಗುವವರೆಗೆ ಕೇಳುತ್ತಾರೆ. 'ಹರಿಜನ' ಎಂಬ ಹೆಸರು ಕೊಟ್ಟವರು ಹೆಸರನ್ನಷ್ಟೇ ಬದಲಿಸಿದರು, ಕೇರಿ ಇದ್ದಲ್ಲೇ ಇತ್ತು. ಅದಕ್ಕೇ 1938ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಬಾಬಾಸಾಹೇಬರು ಆ ಪದವನ್ನು ವಿರೋಧಿಸಿ ತಮ್ಮ ಪಕ್ಷದವರೊಂದಿಗೆ ಸಭೆಯಿಂದ ಹೊರನಡೆದರು.

ಹಾಗಾದರೆ 'ಬೌದ್ಧ' ಎಂಬುದೂ ಇನ್ನೊಂದು ಹೆಸರು ಮಾತ್ರವೇ? 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಹೆಸರಿನ ಜೊತೆಗೆ 22 ಪ್ರತಿಜ್ಞೆಗಳನ್ನೂ ಕೊಟ್ಟರು. ಎಲ್ಲ ಮನುಷ್ಯರೂ ಸಮಾನರೆಂದು ನಂಬುವುದು ಅವುಗಳಲ್ಲೊಂದು. ಪ್ರತಿಜ್ಞೆ ಪಾಲಿಸಿದರೆ ಮಾತ್ರ ಆ ಹೆಸರು ನಮ್ಮದು.

ನಾನು ಪಾಲಿಸಿಲ್ಲ. ಎರಡು ವರ್ಷದ ಹಿಂದೆ ಹುನಗುಂದದ ಕಡೆಯಿಂದ ಮಗಳಿಗೆ ಒಂದು ಸಂಬಂಧ ಬಂದಿತ್ತು. ಅವರೂ ಬೌದ್ಧರು. ಬಾಗಿಲ ಎದುರಿಗೇ ಬುದ್ಧರ, ಬಾಬಾಸಾಹೇಬರ ಫೋಟೊ ಇದ್ದವು. ಚಹಾ ಕುಡಿಯುತ್ತ ನಾನು ಕೇಳಿದೆ: 'ಅದೆಲ್ಲಾ ಖರೇರಿ, ಆದ್ರ ಮೂಲದಾಗ ನೀವು ಯಾರು?' ಆ ಮನೆಯ ಹಿರಿಯರು ಕಪ್ಪು ಕೆಳಗಿಟ್ಟರು. ಉತ್ತರ ಹೇಳಿದರು. ಸಂಬಂಧ ಮುಂದುವರಿಯಲಿಲ್ಲ. ಮಗಳು ಇವತ್ತಿನವರೆಗೂ ಆ ಮಾತು ಎತ್ತಿಲ್ಲ.

ಸುತ್ತನಿಪಾತದ ವಾಸೆಟ್ಠ ಸುತ್ತದಲ್ಲಿ ಇಬ್ಬರು ಬ್ರಾಹ್ಮಣ ಯುವಕರು ಬುದ್ಧರ ಬಳಿ ಬರುತ್ತಾರೆ. ಬ್ರಾಹ್ಮಣನಾಗುವುದು ಹುಟ್ಟಿನಿಂದಲೋ ನಡತೆಯಿಂದಲೋ ಎಂಬುದು ಅವರ ಜಗಳ. ಬುದ್ಧರು ಹುಲ್ಲು, ಮರ, ಹುಳ, ಹಾವು, ಮೀನು, ಹಕ್ಕಿ ಒಂದೊಂದನ್ನೇ ಹೆಸರಿಸುತ್ತಾರೆ. ಇವುಗಳಲ್ಲಿ ಹುಟ್ಟಿನಿಂದ ಬಂದ ಗುರುತು ಉಂಟು. ಆಮೇಲೆ ಮನುಷ್ಯನ ಕೂದಲು, ತಲೆ, ಕಿವಿ, ಕಣ್ಣು, ಕೈಕಾಲು ಎಲ್ಲವನ್ನೂ ಹೇಳಿ, ಅಂಥ ಗುರುತು ಇಲ್ಲೆಲ್ಲೂ ಇಲ್ಲ ಎನ್ನುತ್ತಾರೆ. ಮನುಷ್ಯರಲ್ಲಿ ಭೇದ ಇರುವುದು ಕರೆಯುವ ಹೆಸರಿನಲ್ಲಿ ಮಾತ್ರ.

ಪೇಂಟರ್ ಕೋಡ್ ಕೇಳಿದ್ದು ಸರಿ, ಕಾರಿನಲ್ಲಿ ಕೋಡ್ ಇತ್ತು. ನಾನು ಆ ಹಿರಿಯರಲ್ಲಿ ಇಲ್ಲದ ಕೋಡನ್ನು ಹುಡುಕಿದೆ. ಅದು ಇದ್ದದ್ದು ನನ್ನ ತಲೆಯಲ್ಲಿ.

ಬಂಧುಗಳೇ, ಇಂದು ಹೊಸಬರು ಯಾರಾದರೂ ಸಿಕ್ಕು ಹೆಸರು ಹೇಳಿದರೆ, ನಿಮ್ಮ ನಾಲಿಗೆಗೆ ಬರುವ ಮುಂದಿನ ಪ್ರಶ್ನೆಯನ್ನು ಗಮನಿಸಿ. ಕೇಳುವ ಮೊದಲು ಅದು ಎಲ್ಲಿಂದ ಬಂತೆಂದು ನೋಡಿ. ನಾನು ಇಂದು ಹುನಗುಂದಕ್ಕೆ ಫೋನ್ ಮಾಡಿ ಕ್ಷಮೆ ಕೇಳುತ್ತೇನೆ. ಅದಕ್ಕೂ ಮೊದಲು ಮಗಳ ಎದುರು ಕೂರಬೇಕು.

ಜೈ ಭೀಮ್. ನಮೋ ಬುದ್ಧಾಯ. 🙏